ಹೇಳದೆ ಬಿಟ್ಟ ಮಾತೂ ವಂಚನೆಯಾಗಬಲ್ಲುದೇ? ಮಾರಾಟದಲ್ಲಿ ಮಾಹಿತಿ ಮುಚ್ಚಿಡುವುದರ ಕುರಿತು

ಒಂದು ಕಿಲೋ ತೊಗರಿ ಬೇಳೆಯ ಪೊಟ್ಟಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ ಕಲಬುರಗಿಯ ಹೆಸರಿದೆ. ಪಕ್ಕದಲ್ಲಿ ಕಾಯಿ ತುಂಬಿದ ತೊಗರಿ ಗಿಡದ ಚಿತ್ರವಿದೆ. ಕೆಳಗೆ ‘ಪ್ಯಾಕ್ ಮಾಡಿದ ಸ್ಥಳ: ಕಲಬುರಗಿ’ ಎಂದು ಮುದ್ರಿಸಲಾಗಿದೆ. ಒಳಗಿರುವ ಬೇಳೆ ಮಾತ್ರ ಮ್ಯಾನ್ಮಾರ್‌ನಿಂದಲೋ ಮೊಜಾಂಬಿಕ್‌ನಿಂದಲೋ ತರಿಸಿದ ಕಾಳನ್ನು ಇಲ್ಲಿನ ದಾಲ್ ಮಿಲ್ಲಿನಲ್ಲಿ ಒಡೆದು ತಯಾರಿಸಿದ್ದು. ಪೊಟ್ಟಣದ ಮೇಲಿನ ಒಂದು ಅಕ್ಷರವೂ ಸುಳ್ಳಲ್ಲ. ಬೇಳೆಯನ್ನು ಕಲಬುರಗಿಯಲ್ಲಿಯೇ ಪ್ಯಾಕ್ ಮಾಡಲಾಗಿದೆ. ಕಾಳು ಎಲ್ಲಿ ಬೆಳೆಯಿತು ಎಂಬ ಒಂದು ಮಾತನ್ನಷ್ಟೇ ಹೇಳದೆ ಬಿಡಲಾಗಿದೆ. ಬೆಂಗಳೂರಿನಲ್ಲಿಯೋ ಪುಣೆಯಲ್ಲಿಯೋ ಅದನ್ನು ಕೊಳ್ಳುವವರು ಕಲಬುರಗಿಯ ಹೊಲದ ಬೇಳೆಯೆಂದು ನಂಬಿ ಹೆಚ್ಚಿನ ಬೆಲೆ ತೆರುತ್ತಾರೆ.

ಇಂತಹ ಮಾರಾಟವನ್ನು ಅಪ್ರಾಮಾಣಿಕವೆಂದು ಕರೆಯಬಹುದೇ? ‘ಸುಳ್ಳು ಹೇಳಿಲ್ಲವಲ್ಲ’ ಎಂಬುದು ಮಾರುವವರ ಸಮರ್ಥನೆ. ಈ ಸಮರ್ಥನೆಗೆ ಭಾರತದ ಕಾನೂನಿನಲ್ಲಿ ಇಂದು ಹೆಚ್ಚಿನ ಬೆಲೆಯಿಲ್ಲ. ಹಾಗೆಂದು ಪ್ರತಿಯೊಂದು ಮೌನವೂ ವಂಚನೆಯಾಗುವುದಿಲ್ಲ. ಎಲ್ಲಿಯವರೆಗಿನ ಮೌನ ವ್ಯಾಪಾರದ ಸಹಜ ಕ್ರಮ, ಎಲ್ಲಿಂದ ಮುಂದೆ ಅದು ವಂಚನೆ ಎಂಬ ಗೆರೆಯನ್ನು ಗ್ರಾಮ ಪಂಚಾಯತಿ ಸದಸ್ಯರು ಸ್ಪಷ್ಟವಾಗಿ ತಿಳಿದಿರುವುದು ಅವಶ್ಯಕ. ತಮ್ಮ ಗ್ರಾಮದ ರೈತರು, ಸ್ವಸಹಾಯ ಸಂಘದ ಮಹಿಳೆಯರು ಹಾಗೂ ಸಣ್ಣ ವ್ಯಾಪಾರಿಗಳು ಈ ಗೆರೆಯ ಎರಡೂ ಬದಿಯಲ್ಲಿ ನಿಲ್ಲುತ್ತಾರೆ. ಬೀಜ, ಗೊಬ್ಬರ, ಸಾಲ ಪಡೆಯುವಾಗ ಅವರು ಗ್ರಾಹಕರು. ತೊಗರಿ, ಬಾಳೆ, ರೊಟ್ಟಿ ಮಾರುವಾಗ ಅವರೇ ಮಾರಾಟಗಾರರು.

ಮೌನ ಯಾವಾಗ ಮಾತಿಗೆ ಸಮ

ಭಾರತೀಯ ಕರಾರು ಅಧಿನಿಯಮ, 1872 ಈ ಪ್ರಶ್ನೆಯನ್ನು ನೂರೈವತ್ತು ವರ್ಷಗಳ ಹಿಂದೆಯೇ ಎತ್ತಿಕೊಂಡಿದೆ. ಅದರ 17ನೆಯ ಪ್ರಕರಣದ ಪ್ರಕಾರ ಒಂದು ಸಂಗತಿಯ ಬಗ್ಗೆ ಸುಮ್ಮನಿರುವುದು ತಾನಾಗಿಯೇ ವಂಚನೆಯಲ್ಲ. ಆದರೆ ಈ ನಿಯಮಕ್ಕೆ ಎರಡು ಅಪವಾದಗಳಿವೆ. ಹೇಳಬೇಕಾದ ಕರ್ತವ್ಯವಿದ್ದೂ ಹೇಳದಿದ್ದರೆ ಅದು ವಂಚನೆ. ಮೌನವೇ ಮಾತಿನ ಅರ್ಥ ಕೊಡುವಂತಹ ಸಂದರ್ಭವಿದ್ದರೆ ಆಗಲೂ ಅದು ವಂಚನೆ.

ಇದನ್ನು ತಿಳಿಸಲು ಅಧಿನಿಯಮವು ಕುದುರೆಯ ಉದಾಹರಣೆಗಳನ್ನು ಕೊಡುತ್ತದೆ. ರೋಗವಿರುವ ಕುದುರೆಯನ್ನು ಒಬ್ಬನು ಹರಾಜಿನಲ್ಲಿ ಮಾರುತ್ತಾನೆ, ರೋಗದ ವಿಷಯ ಹೇಳುವುದಿಲ್ಲ, ಇದು ವಂಚನೆಯಲ್ಲ. ಅದೇ ಕುದುರೆಯನ್ನು ಆಗತಾನೆ ಪ್ರಾಯಕ್ಕೆ ಬಂದ ತನ್ನ ಮಗಳಿಗೆ ಮಾರಿದರೆ ಹೇಳುವುದು ಅವನ ಕರ್ತವ್ಯವಾಗುತ್ತದೆ, ಏಕೆಂದರೆ ಅವಳು ಅವನನ್ನು ನಂಬಿ ಕೊಳ್ಳುತ್ತಾಳೆ. ಇನ್ನು ಕೊಳ್ಳುವವನೇ ‘ನೀವು ಅಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದು ತಿಳಿಯುತ್ತೇನೆ’ ಎಂದಾಗ ಮಾರುವವನು ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ಊರಿನ ಪಂಚರು ಹೇಳುತ್ತ ಬಂದುದನ್ನೇ ಇಲ್ಲಿ ಕಾನೂನು ಹೇಳುತ್ತದೆ. ನಾಲ್ಕನೆಯ ಉದಾಹರಣೆ ಇಬ್ಬರು ವ್ಯಾಪಾರಿಗಳದ್ದು. ಮಾರುಕಟ್ಟೆಯ ದರ ಬದಲಾಗಿರುವ ಸುದ್ದಿ ಒಬ್ಬನಿಗೆ ತಿಳಿದಿದೆ, ಇನ್ನೊಬ್ಬನಿಗೆ ತಿಳಿದಿಲ್ಲ. ಅದನ್ನು ಎದುರಿನ ವ್ಯಾಪಾರಿಗೆ ತಿಳಿಸುವ ಹೊಣೆ ಮೊದಲನೆಯವನಿಗೆ ಇಲ್ಲ.

ಅದೇ ಅಧಿನಿಯಮದ 19ನೆಯ ಪ್ರಕರಣ ಇನ್ನೊಂದು ಮುಖ್ಯ ಮಾತನ್ನು ಸೇರಿಸುತ್ತದೆ. ಮೌನದಿಂದ ಮೋಸ ಹೋದವರು ಸಾಧಾರಣ ಎಚ್ಚರಿಕೆ ವಹಿಸಿದ್ದರೆ ನಿಜ ತಿಳಿಯಬಹುದಾಗಿತ್ತು ಎಂದಾದಲ್ಲಿ ಕರಾರನ್ನು ರದ್ದುಪಡಿಸಲು ಬರುವುದಿಲ್ಲ. ಸಂತೆಯಲ್ಲಿ ಕಣ್ಣೆದುರೇ ಕಪ್ಪಾಗಿರುವ ಹಣ್ಣನ್ನು ಕೊಂಡು ‘ಹೇಳಲಿಲ್ಲ’ ಎಂದು ದೂರಲಾಗದು. ಆದರೆ ಒಡೆದ ಬೇಳೆಯನ್ನು ಎಷ್ಟು ಹೊತ್ತು ನೋಡಿದರೂ ಅದು ಯಾವ ದೇಶದ ಹೊಲದ್ದೆಂದು ಗೃಹಿಣಿಗೆ ತಿಳಿಯದು. ನೋಡಿ ತಿಳಿಯಲಾಗದ ಸಂಗತಿಯಲ್ಲಿ ಗ್ರಾಹಕರಿಗೆ ಆಧಾರ ಮಾರುವವರ ಮಾತು ಮಾತ್ರ. ಆದುದರಿಂದ ಅಲ್ಲಿ ಮಾರುವವರ ಹೊಣೆ ಹೆಚ್ಚು.

ಗ್ರಾಹಕ ಸಂರಕ್ಷಣಾ ಅಧಿನಿಯಮ, 2019 ಹೇಳುವುದೇನು

ಕರಾರು ಅಧಿನಿಯಮವು ಸಮಾನ ಬಲದ ಇಬ್ಬರನ್ನು ಮನಸ್ಸಿನಲ್ಲಿಟ್ಟುಕೊಂಡು ರಚಿತವಾದುದು. ಗ್ರಾಹಕ ಮತ್ತು ಮಾರಾಟಗಾರ ಸಮಾನ ಬಲದವರಲ್ಲ ಎಂಬುದು ಗ್ರಾಹಕ ಸಂರಕ್ಷಣಾ ಅಧಿನಿಯಮದ ಮೂಲ ತಿಳಿವಳಿಕೆ. ಆದುದರಿಂದ ಅದು ಗೆರೆಯನ್ನು ಗ್ರಾಹಕರ ಪರವಾಗಿ ಸರಿಸಿದೆ. ಅದರ ನಾಲ್ಕು ಅಂಶಗಳು ಇಲ್ಲಿ ಮುಖ್ಯ.

ಮೊದಲನೆಯದಾಗಿ, ಸರಕಿನ ಗುಣಮಟ್ಟ, ಪ್ರಮಾಣ, ಶುದ್ಧತೆ ಹಾಗೂ ಬೆಲೆಯ ಬಗ್ಗೆ ಮಾಹಿತಿ ಪಡೆಯುವುದು ಗ್ರಾಹಕರ ಹಕ್ಕು. ಕೇಳಿದರೆ ಮಾತ್ರ ಹೇಳುವ ಉಪಕಾರವಾಗಿ ಇದನ್ನು ನೋಡುವಂತಿಲ್ಲ.

ಎರಡನೆಯದಾಗಿ, ಮುಖ್ಯವಾದ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವ ಜಾಹೀರಾತನ್ನು 2(28)ನೆಯ ಪ್ರಕರಣವು ‘ದಾರಿ ತಪ್ಪಿಸುವ ಜಾಹೀರಾತು’ ಎಂದೇ ಪರಿಗಣಿಸುತ್ತದೆ. ಜಾಹೀರಾತು ಎಂದರೆ ದೂರದರ್ಶನದಲ್ಲಿಯೋ ಪತ್ರಿಕೆಯಲ್ಲಿಯೋ ಬರುವುದು ಎಂಬ ತಿಳಿವಳಿಕೆ ಸಾಮಾನ್ಯ. ಈ ಅಧಿನಿಯಮದಲ್ಲಿ ಲೇಬಲ್, ಹೊದಿಕೆ ಕಾಗದ, ಸೂಚನಾ ಪತ್ರ ಹಾಗೂ ರಸೀದಿ ಕೂಡ ಜಾಹೀರಾತುಗಳೇ. ಹೀಗಾಗಿ ಬೇಳೆಯ ಪೊಟ್ಟಣದ ಮೇಲಿನ ಬರಹವೂ ಈ ನಿಯಮದ ವ್ಯಾಪ್ತಿಗೆ ಬರುತ್ತದೆ.

ಮೂರನೆಯದಾಗಿ, ಸೇವೆಯಲ್ಲಿನ ‘ನ್ಯೂನತೆ’ ಎಂಬ ಪದದ ವ್ಯಾಖ್ಯೆಯೊಳಗೆ, ಸಂಬಂಧಪಟ್ಟ ಮಾಹಿತಿಯನ್ನು ಗ್ರಾಹಕರಿಂದ ಬೇಕೆಂದೇ ತಡೆಹಿಡಿಯುವುದನ್ನೂ ಸೇರಿಸಲಾಗಿದೆ. ಸಾಲ, ವಿಮೆ, ದುರಸ್ತಿ ಮುಂತಾದ ಸೇವೆಗಳಿಗೆ ಇದು ಅನ್ವಯಿಸುತ್ತದೆ.

ನಾಲ್ಕನೆಯದಾಗಿ, ಮಾರಿದ ಸರಕಿಗೆ ರಸೀದಿ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲಿದೆ. ರಸೀದಿ ಇಲ್ಲದಿದ್ದರೆ ಏನು ಹೇಳಲಾಯಿತು, ಏನು ಹೇಳಲಿಲ್ಲ ಎಂಬುದಕ್ಕೆ ಸಾಕ್ಷಿಯೇ ಉಳಿಯುವುದಿಲ್ಲ. ಅದಕ್ಕಾಗಿಯೇ ಕಾನೂನು ಇದನ್ನು ಗಂಭೀರವಾಗಿ ಪರಿಗಣಿಸಿದೆ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜೂನ್ 9ರಂದು ಹೊರಡಿಸಿದ ಮಾರ್ಗಸೂಚಿಗಳು ‘ಷರತ್ತುಗಳು ಅನ್ವಯ’ ಎಂಬ ಬರಹವನ್ನೂ ನಿಯಂತ್ರಿಸುತ್ತವೆ. ಯಾವ ಸಂಗತಿಯನ್ನು ಬಿಟ್ಟರೆ ಜಾಹೀರಾತು ಮೋಸದ್ದಾಗುತ್ತದೆಯೋ ಅದನ್ನು ಇಂತಹ ಅಡಿಟಿಪ್ಪಣಿಯಲ್ಲಿ ಅಡಗಿಸುವಂತಿಲ್ಲ. ಮುಖ್ಯ ಮಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಗ್ರಾಮದ ಗೋಡೆಯ ಮೇಲೆ ಆಕರ್ಷಕ ಭರವಸೆಯನ್ನು ಕನ್ನಡದಲ್ಲಿ ಬರೆದು, ಅದರ ಮಿತಿಯನ್ನು ಮಾತ್ರ ಇಂಗ್ಲಿಷಿನಲ್ಲಿ ಬರೆಯುವುದು ಈ ಮಾರ್ಗಸೂಚಿಗೆ ವಿರುದ್ಧ.

ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಲಖನ್‌ಪಾಲ್ ನ್ಯಾಷನಲ್ ಸಂಸ್ಥೆಯ ಬ್ಯಾಟರಿ ಜಾಹೀರಾತಿನ ಪ್ರಕರಣದಲ್ಲಿ ಇಂತಹ ವಿವಾದಗಳಿಗೆ ಒಂದು ಅಳತೆಗೋಲನ್ನು ನೀಡಿತು. ಬಳಸಿದ ಪದಗಳನ್ನು ಬಿಡಿಬಿಡಿಯಾಗಿ ತೂಗುವುದು ಸಾಲದು. ಆ ಮಾತು ಸಾಮಾನ್ಯ ಮನುಷ್ಯನ ಮೇಲೆ ಯಾವ ಪರಿಣಾಮ ಬೀರುತ್ತದೆ ಎಂಬುದನ್ನು ನೋಡಬೇಕು ಎಂಬುದು ಅದರ ಸಾರ. ಆ ಪ್ರಕರಣದಲ್ಲಿ ಜಾಹೀರಾತಿನ ಮಾತು ಪೂರ್ಣ ನಿಖರವಾಗಿರದಿದ್ದರೂ ಕೊಳ್ಳುವವರು ಅದರಿಂದ ದಾರಿ ತಪ್ಪುವುದಿಲ್ಲವೆಂದು ಕಂಡ ನ್ಯಾಯಾಲಯ ಸಂಸ್ಥೆಯ ಪರವಾಗಿಯೇ ತೀರ್ಪು ನೀಡಿತು. ಇದೇ ಅಳತೆಗೋಲನ್ನು ತಿರುಗಿಸಿ ಹಿಡಿದರೆ, ಅಕ್ಷರಶಃ ನಿಜವಾದ ಮಾತೂ ಗ್ರಾಹಕರನ್ನು ದಾರಿ ತಪ್ಪಿಸಿದರೆ ತಪ್ಪೇ ಆಗುತ್ತದೆ.

ಕಲಬುರಗಿಯ ತೊಗರಿ, ಕಮಲಾಪುರದ ಕೆಂಪು ಬಾಳೆ

ಈ ಜಿಲ್ಲೆಗೆ ಈ ವಿಷಯ ಕೇವಲ ಕಾನೂನಿನ ಚರ್ಚೆಯಾಗಿ ಉಳಿಯದಿರಲು ಕಾರಣವಿದೆ. ಜಿಲ್ಲೆಯ ಎರಡು ಬೆಳೆಗಳಿಗೆ ಭೌಗೋಳಿಕ ಸೂಚಕದ ನೋಂದಣಿ, ಅಂದರೆ ಸಾಮಾನ್ಯವಾಗಿ ‘ಜಿಐ ಟ್ಯಾಗ್’ ಎಂದು ಕರೆಯಲಾಗುವ ಮಾನ್ಯತೆ ದೊರೆತಿದೆ. ಒಂದು, ಕಮಲಾಪುರದ ಕೆಂಪು ಬಾಳೆ. ಇನ್ನೊಂದು, 2019ರಲ್ಲಿ ನೋಂದಣಿಯಾದ ತೊಗರಿ ಬೇಳೆ. ನಗರದ ಹೆಸರು 2014ರ ನವೆಂಬರ್ 1ರಿಂದ ಕಲಬುರಗಿ ಎಂದಾಗಿದ್ದರೂ ಬೇಳೆಯ ನೋಂದಣಿ ‘ಗುಲ್ಬರ್ಗಾ ತೊಗರಿ ಬೇಳೆ’ ಎಂಬ ಹೆಸರಿನಲ್ಲಿದೆ.

ಭೌಗೋಳಿಕ ಸೂಚಕದ ಬೆಲೆ ನಿಂತಿರುವುದೇ ಸ್ಥಳದ ಮೇಲೆ. ಸುಣ್ಣ ಮತ್ತು ಪೊಟ್ಯಾಷ್ ಅಂಶವುಳ್ಳ ಈ ಭಾಗದ ಮಣ್ಣಿನಿಂದ ಬೇಳೆಗೆ ವಿಶಿಷ್ಟ ರುಚಿ ಬರುತ್ತದೆ ಎಂಬುದು ತೊಗರಿಯ ಮಾನ್ಯತೆಗೆ ಆಧಾರ. ಕಮಲಾಪುರದ ಕೆಂಪು ಬಾಳೆಯ ಬೆಳೆ ಕೈಗೆ ಬರಲು ಸಾಮಾನ್ಯ ಬಾಳೆಗಿಂತ ಹೆಚ್ಚು ಕಾಲ ಬೇಕು, ಗೊಬ್ಬರ ಮತ್ತು ನೀರಿನ ಖರ್ಚೂ ಹೆಚ್ಚು. ಆದ್ದರಿಂದಲೇ ಹಣ್ಣಿನ ಬೆಲೆ ಹೆಚ್ಚು. ಕಲಬುರಗಿ-ಹುಮನಾಬಾದ್ ಹೆದ್ದಾರಿಯಲ್ಲಿ ವಾಹನ ನಿಲ್ಲಿಸಿ ಕೆಂಪು ಬಾಳೆ ಕೊಳ್ಳುವವರು ಆ ಹೆಚ್ಚಿನ ಬೆಲೆಯನ್ನು ಕಮಲಾಪುರದ ಹೆಸರಿಗಾಗಿ ತೆರುತ್ತಾರೆ. ಕೆಂಪು ಸಿಪ್ಪೆಯ ಬಾಳೆ ಕೇರಳ, ತಮಿಳುನಾಡುಗಳಲ್ಲಿಯೂ ಬೆಳೆಯುತ್ತದೆ. ಅದನ್ನು ಮಾರುವುದು ತಪ್ಪಲ್ಲ. ಆದರೆ ಕಮಲಾಪುರದ ರಸ್ತೆ ಬದಿಯಲ್ಲಿ ಹೊರಗಿನ ಹಣ್ಣನ್ನಿಟ್ಟು ಯಾವ ಊರಿನದೆಂದು ಹೇಳದೆ ಮಾರಿದರೆ ಸ್ಥಳವೇ ಸುಳ್ಳು ಹೇಳುತ್ತದೆ. ಮಾರುವವರು ಬಾಯಿ ತೆರೆಯಬೇಕಾಗಿಲ್ಲ.

ಸರಕುಗಳ ಭೌಗೋಳಿಕ ಸೂಚಕಗಳ (ನೋಂದಣಿ ಮತ್ತು ಸಂರಕ್ಷಣೆ) ಅಧಿನಿಯಮ, 1999ರ 22ನೆಯ ಪ್ರಕರಣ ಈ ಅಂಶವನ್ನು ಗುರುತಿಸಿದೆ. ಸರಕು ತನ್ನ ನಿಜವಾದ ಮೂಲವಲ್ಲದ ಬೇರೊಂದು ಸ್ಥಳದ್ದೆಂದು ನೇರವಾಗಿ ಹೇಳುವುದಷ್ಟೇ ಅಲ್ಲ, ಹಾಗೆ ಸೂಚಿಸುವುದೂ ಉಲ್ಲಂಘನೆ. ಪೊಟ್ಟಣದ ವಿನ್ಯಾಸ, ಚಿತ್ರ, ಹೆಸರಿನ ಗಾತ್ರ ಎಲ್ಲವೂ ಸೂಚನೆಯ ಭಾಗವಾಗಬಲ್ಲವು. ಆರಂಭದಲ್ಲಿ ಹೇಳಿದ ಬೇಳೆಯ ಪೊಟ್ಟಣದ ತೊಡಕು ಇಲ್ಲಿಯೇ ಇದೆ. ಪ್ಯಾಕ್ ಮಾಡಿದ ಸ್ಥಳವನ್ನು ಬರೆಯುವುದು ಕಾನೂನಿನ ಅಗತ್ಯವನ್ನು ಪೂರೈಸಬಹುದು. ಆದರೆ ಅದನ್ನೇ ಬೆಳೆದ ಸ್ಥಳವೆಂದು ತೋರುವಂತೆ ಮುದ್ರಿಸಿದರೆ ಅದೇ ಬರಹ ದಾರಿ ತಪ್ಪಿಸುವ ಸಾಧನವಾಗುತ್ತದೆ.

ಇದರಿಂದ ನಷ್ಟ ಯಾರಿಗೆ? ಬೇಳೆ ಕೊಂಡವರಿಗೆ ಒಂದು ಕಿಲೋದಲ್ಲಿ ಕೆಲವು ರೂಪಾಯಿಗಳ ನಷ್ಟ. ಜೂನ್-ಜುಲೈನಲ್ಲಿ ಬಿತ್ತಿ ಡಿಸೆಂಬರ್-ಜನವರಿಯವರೆಗೆ ಕಾದು ರಾಶಿ ಮಾಡುವ ರೈತರಿಗೆ ಮಾತ್ರ ಅದಕ್ಕಿಂತ ದೊಡ್ಡ ನಷ್ಟ. ಹೆಸರಿನ ಲಾಭ ಹೊರಗಿನ ಕಾಳಿಗೆ ಹೋದರೆ ಜಿಲ್ಲೆಯ ಕಾಳಿಗೆ ಹೆಚ್ಚಿನ ದರ ಕೊಡುವ ಅಗತ್ಯ ಯಾರಿಗೂ ಉಳಿಯುವುದಿಲ್ಲ. ಬೇಳೆ ರುಚಿಸದಿದ್ದರೆ ಗ್ರಾಹಕರು ದೂರುವುದೂ ಕಲಬುರಗಿಯನ್ನೇ. ಭಾರತದಲ್ಲಿ ಮೊದಲು ಭೌಗೋಳಿಕ ಸೂಚಕ ಪಡೆದ ಡಾರ್ಜಿಲಿಂಗ್ ಚಹಾದ ಅನುಭವವೂ ಇದೇ. ನೇಪಾಳದ ಚಹಾವನ್ನು ಬೆರೆಸಿ ಡಾರ್ಜಿಲಿಂಗ್ ಹೆಸರಿನಲ್ಲಿ ಮಾರಲಾಗುತ್ತಿದೆ ಎಂದು ಅಲ್ಲಿನ ತೋಟಗಳು ವರ್ಷಗಟ್ಟಲೆ ದೂರಿದ ಬಳಿಕ, 2021ರಲ್ಲಿ ಚಹಾ ಮಂಡಳಿಯು ಡಾರ್ಜಿಲಿಂಗ್ ಚಹಾದೊಂದಿಗೆ ಆಮದು ಚಹಾವನ್ನು ಬೆರೆಸದಂತೆ ಆದೇಶಿಸಬೇಕಾಯಿತು. ಹೆಸರು ಗಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟವೆಂಬುದಕ್ಕೆ ಇದು ನಿದರ್ಶನ.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ತೊಗರಿ ಬೇಳೆಗೆ ಕೇಸರಿ ಬೇಳೆ ಬೆರೆಸುವುದು ಅಥವಾ ನಿಷೇಧಿತ ಹಳದಿ ಬಣ್ಣ ಹಚ್ಚುವುದು ಮಾಹಿತಿ ಮುಚ್ಚಿಡುವುದಕ್ಕಿಂತ ಗಂಭೀರವಾದ ಕಲಬೆರಕೆಯ ಅಪರಾಧ. ಅದನ್ನು ಆಹಾರ ಸುರಕ್ಷತೆಯ ಕಾನೂನು ಪ್ರತ್ಯೇಕವಾಗಿ ನೋಡಿಕೊಳ್ಳುತ್ತದೆ. ಹೊರಗಿನ ತೊಗರಿಯೂ ಶುದ್ಧವಾಗಿರಬಹುದು, ಆರೋಗ್ಯಕರವಾಗಿರಬಹುದು. ಆಗಲೂ ಮೂಲವನ್ನು ಮರೆಸಿ ಮಾರುವುದು ತಪ್ಪೇ.

ಗೆರೆ ಎಳೆಯಲು ಮೂರು ಪ್ರಶ್ನೆಗಳು

ಗ್ರಾಮ ಮಟ್ಟದಲ್ಲಿ ಯಾವುದೇ ದೂರು ಬಂದಾಗ ಸದಸ್ಯರು ಕೆಳಗಿನ ಮೂರು ಪ್ರಶ್ನೆಗಳನ್ನು ಕೇಳಿ ನೋಡಬಹುದು.

1. ಮಾರುವವರಿಗೆ ಆ ಸಂಗತಿ ತಿಳಿದಿತ್ತೇ? ತಿಳಿಯದುದನ್ನು ಮುಚ್ಚಿಡಲು ಸಾಧ್ಯವಿಲ್ಲ.

2. ಕೊಳ್ಳುವವರು ಸಾಧಾರಣ ಎಚ್ಚರಿಕೆಯಿಂದ ಅದನ್ನು ತಾವೇ ಕಂಡುಕೊಳ್ಳಬಹುದಿತ್ತೇ? ಕಣ್ಣಿಗೆ ಕಾಣುವ ದೋಷ ಬೇರೆ, ಚೀಲದ ತಳದಲ್ಲಿರುವ ದೋಷ ಬೇರೆ.

3. ಆ ಸಂಗತಿ ತಿಳಿದಿದ್ದರೆ ಅವರು ಕೊಳ್ಳದೆ ಇರುತ್ತಿದ್ದರೇ, ಇಲ್ಲವೇ ಕಡಿಮೆ ಬೆಲೆ ಕೊಡುತ್ತಿದ್ದರೇ?

ಮೊದಲ ಮತ್ತು ಮೂರನೆಯ ಪ್ರಶ್ನೆಗಳಿಗೆ ‘ಹೌದು’ ಎಂದೂ ಎರಡನೆಯದಕ್ಕೆ ‘ಇಲ್ಲ’ ಎಂದೂ ಉತ್ತರ ಬಂದರೆ ಆ ಮೌನ ಅಪ್ರಾಮಾಣಿಕವೆಂದು ಬಹುಮಟ್ಟಿಗೆ ಹೇಳಬಹುದು. ಪಕ್ಕದ ಕಿರಾಣಿ ಅಂಗಡಿಯಲ್ಲಿ ಸಕ್ಕರೆ ಎರಡು ರೂಪಾಯಿ ಅಗ್ಗವೆಂದು ಅಂಗಡಿಯವರು ಹೇಳಬೇಕಾಗಿಲ್ಲ, ಏಕೆಂದರೆ ಅದನ್ನು ವಿಚಾರಿಸಿ ತಿಳಿಯಬಹುದು. ‘ನಮ್ಮ ಖಾರದ ಪುಡಿಯಂತಹ ಪುಡಿ ಇನ್ನೊಂದಿಲ್ಲ’ ಎಂಬ ಹೊಗಳಿಕೆಯನ್ನೂ ಯಾರೂ ಪ್ರಮಾಣವಾಗಿ ಸ್ವೀಕರಿಸುವುದಿಲ್ಲ. ಆದರೆ ದುರಸ್ತಿಯಾದ ಹಳೆಯ ಪಂಪ್‌ಸೆಟ್ಟಿಗೆ ಬಣ್ಣ ಬಳಿದು, ಹಳೆಯದೆಂದು ಹೇಳದೆ ಮಾರಿದರೆ ಮೂರೂ ಪ್ರಶ್ನೆಗಳು ಮಾರಿದವರ ವಿರುದ್ಧವೇ ನಿಲ್ಲುತ್ತವೆ.

ರೈತರು ಗ್ರಾಹಕರಾದಾಗ: ಬೀಜ ಮತ್ತು ಸಾಲ

ರೈತರು ಬಿತ್ತನೆ ಬೀಜ ಕೊಳ್ಳುವಾಗ ಗ್ರಾಹಕರೇ ಎಂಬ ಪ್ರಶ್ನೆ ಬಹುಕಾಲ ವಿವಾದದಲ್ಲಿತ್ತು. ನ್ಯಾಷನಲ್ ಸೀಡ್ಸ್ ಕಾರ್ಪೊರೇಷನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2012ರ ಜನವರಿಯಲ್ಲಿ, ದೋಷವಿರುವ ಬೀಜದಿಂದ ನಷ್ಟ ಹೊಂದಿದ ರೈತರು ಗ್ರಾಹಕ ವೇದಿಕೆಯಲ್ಲಿ ಪರಿಹಾರ ಕೇಳಬಹುದೆಂದು ಸ್ಪಷ್ಟಪಡಿಸಿತು. ಬೀಜಕ್ಕೆ ಸಂಬಂಧಿಸಿದ ಪ್ರತ್ಯೇಕ ಕಾನೂನು ಇದೆ ಎಂಬ ಕಾರಣಕ್ಕೆ ಈ ಹಕ್ಕು ತಪ್ಪುವುದಿಲ್ಲ.

ಬೀಜದ ಚೀಲದಲ್ಲಿ ಹೇಳಬೇಕಾದ ಮಾತುಗಳನ್ನು ಕಾನೂನೇ ಪಟ್ಟಿ ಮಾಡಿದೆ. ತಳಿಯ ಹೆಸರು, ಲಾಟ್ ಸಂಖ್ಯೆ, ಮೊಳಕೆಯ ಪ್ರಮಾಣ, ಪರೀಕ್ಷೆಯ ದಿನಾಂಕ ಮುಂತಾದವು ಲೇಬಲ್ಲಿನಲ್ಲಿರಬೇಕು. ತೊಗರಿಯ ಪ್ರಮಾಣೀಕೃತ ಬೀಜಕ್ಕೆ ಕನಿಷ್ಠ ಮೊಳಕೆ ಪ್ರಮಾಣ ಶೇ 75. ಮುಂಗಾರಿನ ಅವಸರದಲ್ಲಿ ಲೇಬಲ್ಲಿಲ್ಲದ ಬಿಡಿ ಬೀಜವನ್ನೋ ಅವಧಿ ಮುಗಿದ ಬೀಜವನ್ನೋ ಏನೂ ಹೇಳದೆ ಕೊಟ್ಟರೆ ರೈತರಿಗೆ ಅದು ತಿಳಿಯುವುದು ಹೊಲ ಬರಿದಾಗಿ ಕಂಡಾಗ. ಆ ವೇಳೆಗೆ ಬಿತ್ತನೆಯ ಕಾಲ ಮುಗಿದಿರುತ್ತದೆ. ಆದ್ದರಿಂದ ರಸೀದಿ, ಖಾಲಿ ಚೀಲ, ಲೇಬಲ್ ಹಾಗೂ ಒಂದು ಹಿಡಿ ಬೀಜವನ್ನು ಬೆಳೆ ಕೈಗೆ ಬರುವವರೆಗೂ ಕಾಯ್ದಿಡುವಂತೆ ರೈತರಿಗೆ ತಿಳಿಹೇಳುವುದು ಉಪಯುಕ್ತ. ಪ್ರಯೋಗಾಲಯದ ಪರೀಕ್ಷೆಗೆ ಆ ಒಂದು ಹಿಡಿಯೇ ಆಧಾರವಾಗುತ್ತದೆ.

ಸಾಲದ ವಿಷಯದಲ್ಲಿ ಹೇಳದೆ ಬಿಡುವ ಮಾತು ಸಾಮಾನ್ಯವಾಗಿ ಬಡ್ಡಿಯ ಲೆಕ್ಕಕ್ಕೆ ಸಂಬಂಧಿಸಿದ್ದು. 50,000 ರೂಪಾಯಿ ಸಾಲಕ್ಕೆ ‘ವರ್ಷಕ್ಕೆ ಶೇ 12’ ಎಂದು ಹೇಳಿ, 6,000 ರೂಪಾಯಿ ಬಡ್ಡಿ ಸೇರಿಸಿ, 12 ತಿಂಗಳ ಸಮಾನ ಕಂತುಗಳಲ್ಲಿ ವಸೂಲಿ ಮಾಡಿದರೆಂದು ಇಟ್ಟುಕೊಳ್ಳಬಹುದು. ತಿಂಗಳ ಕಂತು ಸುಮಾರು 4,667 ರೂಪಾಯಿ. ಸಾಲಗಾರರ ಬಳಿ ವರ್ಷವಿಡೀ 50,000 ರೂಪಾಯಿ ಉಳಿದಿರುವುದಿಲ್ಲ. ಪ್ರತಿ ಕಂತಿನೊಂದಿಗೆ ಅಸಲು ಕರಗುತ್ತ ಹೋಗುತ್ತದೆ. ವರ್ಷದ ಸರಾಸರಿ ಬಾಕಿ ಸುಮಾರು 27,000 ರೂಪಾಯಿ ಮಾತ್ರ. ಹೀಗಾಗಿ ನಿಜವಾದ ಬಡ್ಡಿ ಶೇ 21ಕ್ಕಿಂತಲೂ ಹೆಚ್ಚು. ಶೇ 12 ಎಂಬ ಮಾತು ಸುಳ್ಳಲ್ಲವೆಂದು ಸಾಲ ಕೊಟ್ಟವರು ವಾದಿಸಬಹುದು. ಲೆಕ್ಕದ ಕ್ರಮವನ್ನು ಹೇಳದಿದ್ದುದರಿಂದಲೇ ಆ ಮಾತು ದಾರಿ ತಪ್ಪಿಸಿತು.

ಇದನ್ನು ತಡೆಯಲು ಭಾರತೀಯ ರಿಸರ್ವ್ ಬ್ಯಾಂಕು 2024ರ ಏಪ್ರಿಲ್ 15ರಂದು ಸುತ್ತೋಲೆ ಹೊರಡಿಸಿತು. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ವೈಯಕ್ತಿಕ ಹಾಗೂ ಸಣ್ಣ ಉದ್ಯಮದ ಸಾಲಗಳಿಗೆ ಬ್ಯಾಂಕುಗಳು ಮತ್ತು ಹಣಕಾಸು ಸಂಸ್ಥೆಗಳು ‘ಪ್ರಮುಖ ಅಂಶಗಳ ವಿವರಣಾ ಪತ್ರ’ ಕೊಡಲೇಬೇಕು. ಎಲ್ಲ ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ಬಡ್ಡಿದರ ಅದರಲ್ಲಿರಬೇಕು. ಪತ್ರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಪತ್ರದಲ್ಲಿ ನಮೂದಿಸದ ಶುಲ್ಕವನ್ನು ಸಾಲಗಾರರ ಸ್ಪಷ್ಟ ಒಪ್ಪಿಗೆಯಿಲ್ಲದೆ ವಸೂಲಿ ಮಾಡುವಂತಿಲ್ಲ. ಸಹಿ ಮಾಡುವ ಮೊದಲು ಈ ಪತ್ರವನ್ನು ಕನ್ನಡದಲ್ಲಿ ಕೇಳಿ ಪಡೆಯಬೇಕೆಂಬ ಒಂದು ಮಾತು ಪ್ರತಿ ಮಹಿಳಾ ಸಂಘಕ್ಕೆ ತಲುಪಿದರೂ ಅನೇಕ ಕುಟುಂಬಗಳು ಸಂಕಟದಿಂದ ಪಾರಾಗುತ್ತವೆ.

ಗ್ರಾಮದವರೇ ಮಾರಾಟಗಾರರಾದಾಗ

ಅನ್ಯರಿಗೆ ಅನ್ವಯಿಸುವ ಅಳತೆಗೋಲು ಸ್ವಂತ ಊರಿನವರಿಗೂ ಅನ್ವಯಿಸಬೇಕು. ಎಪಿಎಂಸಿಗೆ ಒಯ್ಯುವ ಚೀಲದ ಮೇಲ್ಪದರದಲ್ಲಿ ಒಣಗಿದ ಕಾಳು, ತಳದಲ್ಲಿ ತೇವದ ಕಾಳು ತುಂಬುವುದನ್ನು ಬರಿಯ ಮೌನವೆನ್ನಲಾಗದು. ತಿಳಿದ ಸಂಗತಿಯನ್ನು ಕೃತಿಯಿಂದ ಮರೆಮಾಡುವುದು ಕರಾರು ಅಧಿನಿಯಮದ ಪ್ರಕಾರ ನೇರ ವಂಚನೆ. ಒಬ್ಬರು ಹೀಗೆ ಮಾಡಿದರೆ ಅಡತಿಯವರು ಮರುದಿನ ಇಡೀ ಊರಿನ ಚೀಲಗಳನ್ನು ಸಂಶಯದಿಂದ ನೋಡುತ್ತಾರೆ. ದರ ಕಡಿಮೆಯಾಗುವುದು ಪ್ರಾಮಾಣಿಕ ರೈತರಿಗೂ ಸೇರಿ.

ಜಿಲ್ಲೆಯ ಮಹಿಳೆಯರು ತಯಾರಿಸುವ ಜೋಳದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಹೊರ ಊರುಗಳ ಮಾರುಕಟ್ಟೆಗೂ ತಲುಪಿದೆ. ರೊಟ್ಟಿ ಮುರಿಯದಿರಲೆಂದು ಜೋಳದ ಹಿಟ್ಟಿಗೆ ಗೋಧಿ ಹಿಟ್ಟು ಬೆರೆಸುವುದು ಅಪರಾಧವಲ್ಲ, ಅದನ್ನು ಪೊಟ್ಟಣದ ಮೇಲೆ ಬರೆಯದಿರುವುದು ತಪ್ಪು. ಪ್ಯಾಕ್ ಮಾಡಿದ ಆಹಾರದಲ್ಲಿ ಬಳಸಿದ ಪದಾರ್ಥಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲಿ ನಮೂದಿಸಬೇಕೆಂಬುದು ಆಹಾರ ಲೇಬಲ್ಲಿನ ನಿಯಮ. ಗೋಧಿ ಒಗ್ಗದವರು, ಸಕ್ಕರೆ ಕಾಯಿಲೆಯವರು ಜೋಳವೆಂದೇ ನಂಬಿ ಇದನ್ನು ತರಿಸಿಕೊಳ್ಳುತ್ತಾರೆ. ಅಂತಹವರಿಗೆ ಹೇಳದೆ ಬಿಟ್ಟ ಒಂದು ಪದ ಹಣದ ನಷ್ಟಕ್ಕಿಂತ ಹೆಚ್ಚಿನ ಹಾನಿ ಮಾಡಬಲ್ಲುದು. ಪೂರ್ಣ ವಿವರ ಬರೆದ ಪೊಟ್ಟಣ ಸಂಘದ ಮೇಲಿನ ನಂಬಿಕೆಯನ್ನೂ ಬೆಳೆಸುತ್ತದೆ.

ಗ್ರಾಮ ಪಂಚಾಯತಿ ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ವ್ಯಾಪಾರದ ವಿವಾದಗಳಲ್ಲಿ ಶಿಕ್ಷೆ ವಿಧಿಸುವುದು ಗ್ರಾಮ ಪಂಚಾಯತಿಯ ಕೆಲಸವಲ್ಲ. ಆದರೆ ದೂರು ಸರಿಯಾದ ಬಾಗಿಲಿಗೆ, ಸರಿಯಾದ ದಾಖಲೆಗಳೊಂದಿಗೆ, ಸಕಾಲದಲ್ಲಿ ತಲುಪುವಂತೆ ನೋಡಿಕೊಳ್ಳುವುದು ಸದಸ್ಯರಿಂದ ಸಾಧ್ಯ.

1. ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ 50 ಲಕ್ಷ ರೂಪಾಯಿವರೆಗಿನ ಬೆಲೆ ತೆತ್ತು ಪಡೆದ ಸರಕು ಅಥವಾ ಸೇವೆಗೆ ಸಂಬಂಧಿಸಿದ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಪ್ರಕರಣಗಳಿಗೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ತೊಂದರೆಯಾದ ದಿನದಿಂದ 2 ವರ್ಷಗಳೊಳಗೆ ದೂರು ಸಲ್ಲಿಕೆಯಾಗಬೇಕು. ಒಂದೇ ಬಗೆಯ ತೊಂದರೆಗೆ ಒಳಗಾದ ಹಲವರು ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಬಹುದು. ಒಂದೇ ಅಂಗಡಿಯ ಬೀಜದಿಂದ ಊರಿನ ಹತ್ತು ರೈತರು ನಷ್ಟ ಹೊಂದಿದಾಗ ಈ ಮಾರ್ಗ ಅನುಕೂಲ.

2. ದಾರಿ ತಪ್ಪಿಸುವ ಜಾಹೀರಾತಿನಿಂದ ಅನೇಕ ಗ್ರಾಹಕರಿಗೆ ಬಾಧೆಯಾಗುತ್ತಿದ್ದರೆ 2019ರ ಅಧಿನಿಯಮದ ಪ್ರಕಾರ ಜಿಲ್ಲಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು.

3. ಸಲಹೆಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ತೂಕ ಹಾಗೂ ಪೊಟ್ಟಣದ ಮೇಲಿನ ನಮೂದುಗಳ ದೂರು ಕಾನೂನು ಮಾಪನ ಶಾಸ್ತ್ರ ಇಲಾಖೆಗೆ, ಆಹಾರದ ದೂರು ಆಹಾರ ಸುರಕ್ಷತಾ ಅಧಿಕಾರಿಗೆ, ಬೀಜದ ದೂರು ರೈತ ಸಂಪರ್ಕ ಕೇಂದ್ರಕ್ಕೆ ಹೋಗಬೇಕು. ಸಾಲದ ದೂರನ್ನು ಮೊದಲು ಸಾಲ ಕೊಟ್ಟ ಸಂಸ್ಥೆಗೆ ಲಿಖಿತವಾಗಿ ಕೊಟ್ಟು, 30 ದಿನಗಳಲ್ಲಿ ಪರಿಹಾರ ದೊರೆಯದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಸಲ್ಲಿಸಬೇಕು.

4. ತೊಗರಿ ಹಾಗೂ ಕೆಂಪು ಬಾಳೆ ಬೆಳೆಗಾರರು ಭೌಗೋಳಿಕ ಸೂಚಕದ ‘ಅಧಿಕೃತ ಬಳಕೆದಾರ’ರಾಗಿ ಚೆನ್ನೈನ ನೋಂದಣಿ ಕಚೇರಿಯಲ್ಲಿ ಹೆಸರು ದಾಖಲಿಸಿಕೊಳ್ಳುವಂತೆ ಉತ್ತೇಜಿಸಬೇಕು. ಬೆಳೆಗೆ ಮಾನ್ಯತೆ ಬಂದ ಮಾತ್ರಕ್ಕೆ ಬೆಳೆಗಾರರಿಗೆ ಆ ಹಕ್ಕು ತಾನಾಗಿ ಬರುವುದಿಲ್ಲ. ಹೆಸರಿನ ದುರ್ಬಳಕೆಯ ವಿರುದ್ಧ ಕಾನೂನಿನ ಪರಿಹಾರ ಕೇಳಲು ಈ ದಾಖಲಾತಿ ಬೇಕು. 2020ರ ತಿದ್ದುಪಡಿಯಲ್ಲಿ ಇದರ ಅರ್ಜಿ ಶುಲ್ಕವನ್ನು 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಲಾಗಿದೆ.

5. ಬಿತ್ತನೆಗೆ ಮುಂಚಿನ ಗ್ರಾಮ ಸಭೆಯಲ್ಲಿ ರಸೀದಿ, ಲೇಬಲ್ ಹಾಗೂ ಸಾಲದ ವಿವರಣಾ ಪತ್ರದ ವಿಷಯವನ್ನು ಚರ್ಚೆಗೆ ತರಬಹುದು. ಸಂತೆ ನಡೆಯುವ ಊರುಗಳಲ್ಲಿ ‘ರಸೀದಿ ಕೇಳಿ ಪಡೆಯಿರಿ, ಸರಕಿನ ಮೂಲ ವಿಚಾರಿಸಿರಿ’ ಎಂಬ ಫಲಕವನ್ನು ಹಾಕಿಸಬಹುದು.

ಕೊನೆಯ ಸಲಹೆಯಲ್ಲಿರುವ ‘ವಿಚಾರಿಸಿರಿ’ ಎಂಬ ಪದ ಚಿಕ್ಕದಾದರೂ ಕಾನೂನಿನ ದೃಷ್ಟಿಯಿಂದ ಬಲವುಳ್ಳದ್ದು. ‘ಇದು ಇಲ್ಲಿಯದೇ ತಾನೆ?’ ಎಂದು ಕೊಳ್ಳುವವರು ಒಂದು ಬಾರಿ ಕೇಳಿದರೆ, ಆ ಬಳಿಕ ಮಾರುವವರ ಮೌನಕ್ಕೆ ಆಶ್ರಯ ಉಳಿಯುವುದಿಲ್ಲ. ನಿಜ ಹೇಳಿದರೆ ಗ್ರಾಹಕರು ತಿಳಿದು ಕೊಳ್ಳುತ್ತಾರೆ; ಸುಳ್ಳು ಹೇಳಿದರೂ, ಸುಮ್ಮನಿದ್ದರೂ ಹೊಣೆ ಮಾರಿದವರ ಮೇಲೆಯೇ ಬೀಳುತ್ತದೆ.